ಪಿಕಪ್‌ನಲ್ಲಿ ಸಿಕ್ಕಿಕೊಂಡ ಅಜ್ಜ

ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತವನು ಬೀದಿಗೆ ಓಡಬಾರದು. ಇದು ಯಾವ ಶಾಸ್ತ್ರದಲ್ಲೂ ಇಲ್ಲ. ಇರಬೇಕಿತ್ತು ಎಂದು ನನಗೆ ಅನ್ನಿಸಿದ್ದು ಕಳೆದ ವರ್ಷ, ಬಹ್ರೇನಿನ ಗುದೈಬಿಯಾದ ನಮ್ಮ ಮನೆಯ ಕೆಳಗಿನ ಸಲೂನಿನಲ್ಲಿ. ಊರಿನಲ್ಲಿ ತಂಗಿಯ ಮಗನ ಮದುವೆ ಇತ್ತು, ಹೋಗುವ ಮುಂಚೆ ತಲೆ ಕಪ್ಪಾಗಬೇಕಿತ್ತು. ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ತಲೆಯ ತುಂಬ ಲೇಪ ಮೆತ್ತಿಸಿಕೊಂಡು ಕೂತಿದ್ದೆ. ಹೊರಗೆ ಕಾರುಗಳ ಸಾಲು ನಿಂತಿತ್ತು. ಅದರಲ್ಲೊಂದರಿಂದ ಗಿಟಾರು ಕೇಳಿಸಿತು. ಗಿಟಾರಿನ ಒಂದು ಎಳೆತ, ಅದರ ಬೆನ್ನಿಗೆ ತುತ್ತೂರಿಗಳೆಲ್ಲ ಒಟ್ಟಿಗೆ. ನಾನು ಕುರ್ಚಿಯಿಂದೆದ್ದು ಓಡಿದೆ. ಓಡುವಾಗ 'ಅಜ್ಜ!' ಎಂದು ಕೂಗಿದೆನಂತೆ. ಆಮೇಲೆ ಸಲೂನಿನವನು ಹೇಳಿದ.

ಕಾರಿನಲ್ಲಿದ್ದ ಬಹ್ರೇನಿ ತರುಣ ಮೊದಲು ಗಾಜು ಏರಿಸಿದ. ಅವನ ತಪ್ಪೇನೂ ಇಲ್ಲ. ನನ್ನ ಹಣೆಯ ಮೇಲೆ ಕಪ್ಪು ನೀರು ಇಳಿಯುತ್ತಿತ್ತು. 'ವಾಟ್ ಸಾಂಗ್? ವಾಟ್ ಸಾಂಗ್?' ಎಂದು ಗಾಜು ತಟ್ಟಿದ ಮೇಲೆ ನಗುತ್ತಾ ಇಳಿಸಿ, ಹಾಡಿನವರ ಹೆಸರನ್ನೂ ಆಲ್ಬಮ್ಮಿನ ಹೆಸರನ್ನೂ ಹೇಳಿ, ಶಬ್ದ ಜೋರು ಮಾಡಿಕೊಂಡು ಹೋದ. ನಾನು ಎರಡು ಹೆಸರನ್ನೂ ಬಾಯಲ್ಲಿ ಜಪಿಸುತ್ತಾ ಮತ್ತೆ ಬಂದು ಕೂತೆ.

ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನೀವು ಫೋನ್ ತೆಗೆದು ಹಾಡು ಕೇಳುತ್ತೀರಿ, ಕೇಳಿದ ಮೇಲೆ ನನ್ನ ಮಾತು ನಂಬುವುದಿಲ್ಲ. ನಿಮ್ಮ ಫೋನಿನಲ್ಲಿರುವುದು ಕುಣಿಯುವವರ ಆಲ್ಬಮ್ಮು. ನಾನೂ ವಾಸಣ್ಣನೂ ವರ್ಷಗಟ್ಟಲೆ ಕೇಳಿದ್ದು ಒಬ್ಬ ಮುದುಕನ ಗೋಳು. ಎರಡೂ ಒಂದೇ ಎಂದು ಗೊತ್ತಾದ ದಿನ ನನಗೆ ಮೊದಲು ನೆನಪಾದದ್ದು ವಾಸಣ್ಣ. ಅವರಿಗೆ ಹೇಳಬೇಕು ಎಂದು ಜೀವ ತುಡಿಯಿತು, ಹೋಗಿ ಹೇಳಿಯೂ ಬಂದೆ. ಈಗ ಹೇಳಲು ಅವರಿಲ್ಲ. ಈ ಬೇಸಿಗೆಯಲ್ಲಿ ಹೋಗಿಬಿಟ್ಟರು.

ವಾಸಣ್ಣ ಅಂದರೆ ವಾಸು ಪೂಜಾರಿ, ಮೂಲ್ಕಿಯ ಕಡೆಯವರು. ಸಲ್ಮಾಬಾದ್‌ನ ಒಂದು ವರ್ಕ್‌ಶಾಪಿನಲ್ಲಿ ಏಸಿ ಡಕ್ಟ್ ಮಾಡುವುದು ಅವರ ಕೆಲಸ. ತಗಡು ಕತ್ತರಿಸಿ, ಮಡಚಿ, ಬಡಿದು, ದೊಡ್ಡ ಕಟ್ಟಡಗಳಿಗೆಲ್ಲ ತಂಪುಗಾಳಿ ಹೋಗುವ ಚೌಕ ಕೊಳವೆ ಮಾಡುತ್ತಿದ್ದರು. ಅವರ ತಗಡಿನ ಶೆಡ್ಡಿಗೆ ಏಸಿ ಇರಲಿಲ್ಲ. ನಾನು ಅದೇ ವರ್ಕ್‌ಶಾಪಿನ ಸ್ಟೋರ್ ಕೀಪರ್. ಬಿಳಿಯ ಪಿಕಪ್ ಓಡಿಸಿ ಡಕ್ಟ್‌ಗಳನ್ನೂ ವಾಸಣ್ಣನನ್ನೂ ಸೈಟಿಗೆ ಮುಟ್ಟಿಸುವುದೂ ನನ್ನ ತಲೆಗೇ ಬಿದ್ದಿತ್ತು. ಆಗ ನಾನೂ ಒಂಟಿ, ಹೆಂಡತಿ ಮಗಳು ಇನ್ನೂ ಬಂದಿರಲಿಲ್ಲ. ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು.

ಪಿಕಪ್ ಹಳೆಯದು. ಊರಿಗೆ ಮರಳಿದ ಯಾರೋ ಅಮೆರಿಕದವನದ್ದನ್ನು ನಮ್ಮ ಮುದೀರ್, ಎಂದರೆ ಮ್ಯಾನೇಜರು, ಖರೀದಿಸಿದ್ದ. ಅದರ ಡೆಕ್ಕಿನೊಳಗೆ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಅದು ಹೊರಗೆ ಬರುತ್ತಿರಲಿಲ್ಲ. ಒಳಗೆ ಕ್ಯಾಸೆಟ್ ಇರುವಷ್ಟು ಕಾಲ ರೇಡಿಯೋ ಕೂಡ ಹಾಡುತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಾಕಿ ನೋಡಿದೆವು. ತಗಡಿನ ತೆಳ್ಳನೆಯ ಪಟ್ಟಿ ತೂರಿಸಿ ನೋಡಿದೆವು. ವಾಸಣ್ಣ ಒಂದು ಶುಕ್ರವಾರ ತೆಂಗಿನೆಣ್ಣೆ ಬಿಟ್ಟರು. ಅಂದಿನಿಂದ ಗಾಡಿಯೊಳಗೆ ಒಗ್ಗರಣೆಯ ಪರಿಮಳ ಬಂದದ್ದಷ್ಟೇ ಲಾಭ. ಬೇರೆ ಪಿಕಪ್‌ಗಳಲ್ಲಿ ಭಜನೆ, ಸಿನಿಮಾ ಹಾಡು, ಯಕ್ಷಗಾನ. ನಮಗೆ ಒಂದು ಕಡೆ ಮುಗಿದರೆ 'ಟಕ್' ಎಂದು ತಾನೇ ತಿರುಗಿ ಇನ್ನೊಂದು ಕಡೆ ಹಾಡುವ ಈ ಒಂದೇ ಕ್ಯಾಸೆಟ್.

ಮೊದಲ ತಿಂಗಳು ಬೈದೆವು. ಎರಡನೆಯ ತಿಂಗಳು ಸುಮ್ಮನಾದೆವು. ಆಮೇಲೆ ಒಂದು ದಿನ ಬ್ಯಾಟರಿ ಕೈಕೊಟ್ಟು ಡೆಕ್ಕು ನಿಂತಾಗ ವಾಸಣ್ಣ, 'ಅಜ್ಜ ಎಲ್ಲಿ ಮಾರಾಯ?' ಎಂದು ಕೇಳಿದರು. ಆವತ್ತಿನಿಂದ ಆ ಹಾಡುಗಾರನಿಗೆ ಅಜ್ಜ ಎಂದೇ ಹೆಸರು.

ಅಜ್ಜನ ದನಿ ಬಾವಿಯೊಳಗಿಂದ ಬರುತ್ತಿತ್ತು. ಒಂದೊಂದು ಮಾತನ್ನೂ ಮೊಣಕಾಲು ಹಿಡಿದುಕೊಂಡು ಏಳುವವರಂತೆ ಎತ್ತುತ್ತಿದ್ದ. ಗಿಟಾರು ಉದ್ದುದ್ದ ನರಳುತ್ತಿತ್ತು. ಡ್ರಮ್ಮಿನ ಪೆಟ್ಟು ಈಗ ಬೀಳುತ್ತದೆ ಎಂದು ನಾವು ಕಾದರೆ ಬೀಳುತ್ತಿರಲಿಲ್ಲ, ಕೈಬಿಟ್ಟ ಮೇಲೆ ಬೀಳುತ್ತಿತ್ತು. 'ವಯಸ್ಸಾದವರ ಕೆಲಸ ಹಾಗೇ' ಎಂದು ವಾಸಣ್ಣ ವಿವರಿಸುತ್ತಿದ್ದರು. 'ಅರ್ಜೆಂಟಿಲ್ಲ. ಪೆಟ್ಟು ತಡ ಆದ್ರೂ ತಪ್ಪುದಿಲ್ಲ.' ವರ್ಕ್‌ಶಾಪಿನಲ್ಲಿ ಅವರ ಸುತ್ತಿಗೆಯೂ ಬರಬರುತ್ತ ಅದೇ ಲೆಕ್ಕಕ್ಕೆ ಬಂತು. ತಗಡಿನ ಮೇಲೆ ಎರಡು ಪೆಟ್ಟು, ಒಂದು ಉಸಿರು, ಆಮೇಲೆ ಮೂರನೆಯದು. ಪಕ್ಕದ ಬಂಗಾಳಿಗಳಿಗೆ ಮೈ ಉರಿಯುತ್ತಿತ್ತು.

ನನ್ನ ಇಂಗ್ಲಿಷು ಸ್ಟೋರಿನ ಸಾಮಾನಿನಷ್ಟು, ವಾಸಣ್ಣನದ್ದು ಅದೂ ಇಲ್ಲ. ಅಜ್ಜ ಎಳೆದು ಎಳೆದು ಹಾಡಿದ್ದು ಇಬ್ಬರಿಗೂ ಒಂದಕ್ಷರ ಹತ್ತುತ್ತಿರಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎನ್ನುತ್ತಾರಲ್ಲ, ಇಲ್ಲಿ ಕೋಣ ಅರ್ಥವನ್ನೂ ಹೇಳುತ್ತಿತ್ತು. ಮೊದಲನೆಯ ಹಾಡು, ವಾಸಣ್ಣನ ಪ್ರಕಾರ, ಅಜ್ಜನ ಹೆಂಡತಿ ತೀರಿಹೋದದ್ದು. ಎರಡನೆಯದು ಸೊಸೆ ಅನ್ನ ಸರಿ ಹಾಕುವುದಿಲ್ಲ ಎಂಬ ದೂರು. ತುತ್ತೂರಿ ಬರುವ ಹಾಡಿನಲ್ಲಿ ಅಜ್ಜ ಹೊಳೆ ದಾಟಲು ದೋಣಿಗಾಗಿ ಕಾಯುತ್ತಿದ್ದಾನೆ, ದೋಣಿಯವನು ಆಚೆ ದಡದಲ್ಲಿ ನಿದ್ದೆ ಹೋಗಿದ್ದಾನೆ. 'ಕೂಗ್ತಾ ಇದ್ದಾನೆ ನೋಡು, ಪಾಪ' ಎಂದು ವಾಸಣ್ಣ ಅಂದರೆ ನನಗೂ ಹೊಳೆ ಕಾಣುತ್ತಿತ್ತು.

ಇಲ್ಲಿ ನನ್ನ ಬುದ್ಧಿವಂತಿಕೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಸಣ್ಣವನಿದ್ದಾಗ ಪಡುಬಿದ್ರಿಯ ನಮ್ಮ ಓಣಿಯಲ್ಲಿ ಮದುವೆಯೆಂದರೆ ಮೈಕಿನ ಶೀನಣ್ಣ ಬೇಕು. ಮರಕ್ಕೆ ಲೌಡ್‌ಸ್ಪೀಕರ್ ಕಟ್ಟಿ, ಗ್ರಾಮಫೋನ್ ಪೆಟ್ಟಿಗೆ ಬಿಚ್ಚಿ, ಹಾಡಿನ ತಟ್ಟೆ ತಿರುಗಿಸುತ್ತಿದ್ದ. ಊಟದ ಹೊತ್ತಿಗೆ ಸರಿಯಾಗಿ ಕರೆಂಟು ಬಡವಾಗುತ್ತಿತ್ತು. ಹೆಣ್ಣು ದನಿಯಲ್ಲಿ ಶುರುವಾದ ಹಾಡು ಗಂಡು ದನಿಗೆ ಇಳಿದು, ಕೊನೆಗೆ ಎಮ್ಮೆಯ ದನಿಗೆ ಬಂದು ನಿಲ್ಲುತ್ತಿತ್ತು. ನಾವು ಮಕ್ಕಳು ಎಲೆಯ ಮುಂದೆ ಉರುಳಾಡಿ ನಗುತ್ತಿದ್ದೆವು. ನನ್ನ ಅಜ್ಜಿ ಮಾತ್ರ, 'ಪಾಪ, ಅವಳಿಗೆ ಉಬ್ಬಸ' ಎಂದು ಮರುಗುತ್ತಿದ್ದರು. ಯಂತ್ರ ನಿಧಾನವಾದರೆ ದನಿಗೆ ವಯಸ್ಸಾಗುತ್ತದೆ ಎಂದು ಎಂಟು ವರ್ಷಕ್ಕೇ ಕಲಿತವನು ನಾನು. ಆದರೂ ಅಷ್ಟು ವರ್ಷ ಸ್ಟೀರಿಂಗ್ ಹಿಡಿದು ಕೂತು ಅಜ್ಜಿಯ ಹಾಗೆ ಮರುಗಿದೆನೇ ಹೊರತು ಒಂದು ದಿನವೂ ಸಂಶಯ ಬರಲಿಲ್ಲ.

ಬರೀ ಮರುಕವಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ವಾಸಣ್ಣ ಅಜ್ಜನನ್ನು ನಂಬಿಬಿಟ್ಟಿದ್ದರು. ಅವರ ಹೆಂಡತಿ ಜಲಜಕ್ಕ ಪ್ರತಿ ರಜೆಯಲ್ಲೂ, ಪ್ರತಿ ಫೋನಿನಲ್ಲೂ ಕೇಳುತ್ತಿದ್ದುದು ಒಂದೇ: 'ಯಾವಾಗ ಬರ್ತೀರಿ? ಒಟ್ಟಿಗೇ, ಮತ್ತೆ ಹೋಗದ ಹಾಗೆ?' ವಾಸಣ್ಣ ಫೋನಿಟ್ಟು, ಮರುದಿನ ಪಿಕಪ್ ಹತ್ತಿ, ಅಜ್ಜ ಶುರುಮಾಡಿದ ಕೂಡಲೇ ಹೇಳುತ್ತಿದ್ದರು: 'ಇವನಿಗೆ ಎಪ್ಪತ್ತಾದ್ರೂ ಆಗಿರ್ಬೇಕು. ಇನ್ನೂ ದುಡೀತಾ ಇದ್ದಾನೆ. ನಂಗೆಂತ ಆಗಿದೆ?' ನಾನು ತಲೆಯಾಡಿಸುತ್ತಿದ್ದೆ. ಒಂದು ವರ್ಷ ಹೋಗುತ್ತಿತ್ತು.

ನಿಜ ಹೇಳಬೇಕೆಂದರೆ ಅವರಿಗೆ ಊರಿನ ಭಯವಿತ್ತು. ಒಮ್ಮೆ ಬಾಯಿಬಿಟ್ಟು ಹೇಳಿದ್ದರು. 'ಊರಲ್ಲಿ ನಾನು ನೆಂಟ ಮಾರಾಯ. ಎರಡು ತಿಂಗಳು ಮೀನು ತಂದು ಹಾಕ್ತಾರೆ, ಹೊಸ ಚಾಪೆ ಕೊಡ್ತಾರೆ. ಮೂರನೇ ತಿಂಗಳು ಎಂತ ಮಾಡುದು? ಅಲ್ಲಿ ಯಾರಿಗೆ ಡಕ್ಟ್ ಬೇಕು?' ಆಮೇಲೆ ಗಲ್ಫಿನ ನಮ್ಮೆಲ್ಲರ ಬಾಯಲ್ಲಿ ಇರುವ ಮಾತು, 'ಖಲ್ಲಿ ವಲ್ಲಿ', ಬಿಡು ಅತ್ಲಾಗೆ.

ನೆಂಟನಾಗಿ ಹೋಗುವವನು ನೆಂಟನ ಹಾಗೇ ಹೋಗಬೇಕು. ಊರಿಗೆ ಹೊರಡುವ ಹಿಂದಿನ ದಿನ ತಲೆಗೆ ಬಣ್ಣ ಹಾಕುವುದು ನಮ್ಮ ರೂಮುಗಳಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುವಷ್ಟೇ ಮುಖ್ಯ ಕೆಲಸ. ಬಚ್ಚಲಿನಲ್ಲಿ ಬಕೆಟು ಬೋರಲು ಹಾಕಿ ಕೂರಿಸಿ, ಹೆಗಲಿಗೆ ಹಳೆಯ ಪೇಪರು ಹೊದೆಸಿ, ಹಿಂದಲೆಗೆ ಇನ್ನೊಬ್ಬ ಹಚ್ಚಬೇಕು. ವಾಸಣ್ಣನ ಹಿಂದಲೆ ನನ್ನ ಪಾಲು. 'ಕಿವಿಯ ಹಿಂದೆ ಬಿಡ್ಬೇಡ ದಾಮು, ಜಲಜನಿಗೆ ಅಲ್ಲೇ ಕಣ್ಣು ಹೋಗುದು' ಎನ್ನುತ್ತಿದ್ದರು. ಮೀಸೆಗೂ ಹಚ್ಚಿ, ತೊಳೆದು, ಕನ್ನಡಿ ನೋಡಿ, ಹತ್ತು ವರ್ಷ ಕಳಕೊಂಡು ವಿಮಾನ ಹತ್ತುತ್ತಿದ್ದರು. ಜಲಜಕ್ಕನಿಗೆ ಬಣ್ಣದ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಬಣ್ಣದ ಕೆಳಗೆ ಎಷ್ಟು ಬೆಳ್ಳಗಾಗಿದೆ ಎಂದು ಮಾತ್ರ ಗೊತ್ತಿರಲಿಲ್ಲ. ವಿಡಿಯೋ ಕಾಲ್ ಬಂದ ಮೇಲೆ ವಾಸಣ್ಣ ಟೊಪ್ಪಿ ಹಾಕಿ, ಗೋಡೆಯ ಕತ್ತಲೆ ಮೂಲೆ ನೋಡಿ ಕೂರುತ್ತಿದ್ದರು. 'ರೂಮಲ್ಲಿ ಏಸಿ ಜಾಸ್ತಿ, ಚಳಿ' ಎಂದು ಮಕ್ಕಳಿಗೆ ಹೇಳುತ್ತಿದ್ದರು. ಜೂನ್ ತಿಂಗಳ ಬಹ್ರೇನಿನಲ್ಲಿ ಚಳಿ!

ಪಿಕಪ್ ಒಂದು ದಿನ ಗುಜರಿಗೆ ಹೋಯಿತು, ಅಜ್ಜನೂ ಅದರ ಹೊಟ್ಟೆಯಲ್ಲೇ ಹೋದ. ನನ್ನ ಹೆಂಡತಿ ಮಗಳು ಬಂದರು, ನಾನು ಗುದೈಬಿಯಾದಲ್ಲಿ ಮನೆ ಮಾಡಿದೆ. ವಾಸಣ್ಣ ಸಲ್ಮಾಬಾದ್‌ನ ಲೇಬರ್ ಕ್ಯಾಂಪಿನಲ್ಲಿ ಉಳಿದರು. ತಗಡು ಬಡಿದು ಬಡಿದು ಅವರ ಕಿವಿ ಮಂದವಾಯಿತು. ಬೀಪಿ ಏರಿತು. ಬಿಸಿಲಿನ ಕೆಲಸ ಸಾಕು, ಊರಿಗೆ ಹೋಗಿ ಎಂದು ಡಾಕ್ಟರೂ ಹೇಳಿದರು. ಅವರಿಗೆ ಇನ್ನೂ ಅರವತ್ತಾಗಿರಲಿಲ್ಲ. ಆದರೆ ಅವರು ಮೆಟ್ಟಿಲು ಹತ್ತುವುದು ಅಜ್ಜ ಹಾಡಿದ ಹಾಗೇ ಆಗಿತ್ತು.

ಸಲೂನಿನಿಂದ ಬಂದವನು ಮಗಳು ನಿಶಾಳಿಗೆ ಹೆಸರು ಹೇಳಿದೆ. ಅವಳು ಅರೆಗಳಿಗೆಯಲ್ಲಿ ಹುಡುಕಿ ಹಾಕಿದಳು. ಅದೇ ಗಿಟಾರು, ಅದೇ ತುತ್ತೂರಿ, ಆದರೆ ಎಲ್ಲ ಓಡುತ್ತಿತ್ತು. ಹಾಡುವವನು ಹುಡುಗ. ಸಣ್ಣ ದನಿ, ಚುರುಕು, ನಡುನಡುವೆ ನಗು.

'ಪಪ್ಪಾ, ಇದು ಕ್ಲಾಸಿಕ್ ರಾಕ್. ಅಮೆರಿಕಾದ ಸೌತ್ ಸೈಡ್ ಬ್ಲೂಸ್ ಇದ್ಯಲ್ಲ, ಅದಕ್ಕೆ ಫಂಕ್ ಮಿಕ್ಸ್ ಮಾಡಿದ್ದಾರೆ. ನೀವು ಇದನ್ನ ಕೇಳ್ತಿದ್ರಾ? ಸೋ ಕೂಲ್!'

'ಬ್ಲೂಸ್ ಅಂದ್ರೆ ಎಂತ?'

'ಸ್ಯಾಡ್ ಮ್ಯೂಸಿಕ್. ಕಷ್ಟ, ದುಃಖ, ಹಾಗೆ.'

'ಫಂಕ್?'

'ಅದು ಡ್ಯಾನ್ಸ್ ಮಾಡ್ಲಿಕ್ಕೆ.'

ಅವಳು ಹಾಡುಗಾರನ ಫೋಟೋ ತೋರಿಸಿದಳು. ಅಂಗಿಯ ಗುಂಡಿ ಬಿಚ್ಚಿಕೊಂಡು, ಕೂದಲು ಬಿಟ್ಟುಕೊಂಡು ನಿಂತ ತರುಣ. ಹೆಂಡತಿ ಸತ್ತ ಹಾಡು ಯಾವುದೋ ಶನಿವಾರದ ಕುಣಿತದ್ದಂತೆ. ಸೊಸೆಯೂ ಇರಲಿಲ್ಲ, ದೋಣಿಯೂ ಇರಲಿಲ್ಲ. ಆಗಲೇ ನನಗೆ ಶೀನಣ್ಣನ ತಟ್ಟೆ ನೆನಪಾದದ್ದು. ಡ್ಯಾಶ್‌ಬೋರ್ಡಿನ ಮೇಲೆ ಮೊಟ್ಟೆ ಬೇಯುವಂಥ ಬಿಸಿಲಿನಲ್ಲಿ ದಿನವಿಡೀ ನಿಲ್ಲುತ್ತಿದ್ದ ಗಾಡಿ. ಡೆಕ್ಕಿನೊಳಗಿನ ರಬ್ಬರಿನ ಬೆಲ್ಟು ಬಿಸಿಗೆ ಸಡಿಲವಾಗಿ ಟೇಪು ನಿಧಾನ ಓಡುತ್ತಿತ್ತು, ಅಷ್ಟೇ ಸಂಗತಿ. ನಗು ಬಂತು. ಕೂಡಲೇ ಇನ್ನೊಂದು ಯೋಚನೆ ಬಂದು ನಗು ನಿಂತಿತು. ಅಜ್ಜನೇ ಇಲ್ಲ ಎಂದಾದರೆ ವಾಸಣ್ಣ ಇಲ್ಲಿ ಯಾಕಿರಬೇಕು? ಈಗಲಾದರೂ ಊರಿಗೆ ಹೋಗಬಹುದಲ್ಲ?

ಆ ಶುಕ್ರವಾರ ಕ್ಯಾಂಪಿಗೆ ಹೋದೆ. ವಾಸಣ್ಣ ಮಂಚದ ಮೇಲೆ ಬನಿಯನಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗೆ. ಫೋನನ್ನು ಅವರ ಒಳ್ಳೆಯ ಕಿವಿಗೆ ಹಿಡಿದೆ.

'ಜೋರು ಮಾಡು' ಎಂದರು. ಕೇಳಿದರು. ಹಾಡು ಮುಗಿಯುವವರೆಗೂ ಕೇಳಿದರು. ಬೆಳ್ಳುಳ್ಳಿ ಸಿಪ್ಪೆಯ ಬೆರಳು ತೊಡೆಯ ಮೇಲೆ ಎರಡು ಪೆಟ್ಟು ಹಾಕಿತು, ಮೂರನೆಯದಕ್ಕೆ ಏಳುವಷ್ಟರಲ್ಲಿ ಹಾಡು ಮುಂದೆ ಹೋಗಿತ್ತು.

'ಇದು ಅಜ್ಜ ಅಲ್ಲ.'

'ಅಜ್ಜನೇ ವಾಸಣ್ಣ. ನಮ್ಮ ಡೆಕ್ಕು ನಿಧಾನ ಓಡ್ತಿತ್ತು. ಬಿಸಿಲಿಗೆ ಹಾಗೆ ಆಗುದು. ಫೋಟೋ ನೋಡಿ, ಇಪ್ಪತ್ತೈದರ ಹುಡುಗ.'

ಅವರು ಕನ್ನಡಕ ಹಾಕಿ ಫೋಟೋ ನೋಡಿದರು. ನನ್ನನ್ನು ನೋಡಿದರು. 'ಇವ ಅಜ್ಜನ ಮೊಮ್ಮಗ ಇರ್ಬೇಕು ಮಾರಾಯ. ಅಜ್ಜನ ಹಾಡು ಕಲ್ತು ಹಾಡ್ತಾ ಇದ್ದಾನೆ. ಚಂದ ಉಂಟು. ಆದ್ರೆ ಅರ್ಜೆಂಟು ಜಾಸ್ತಿ.'

ನನಗೆ ಸಿಟ್ಟು ಬಂತು. 'ಅಜ್ಜ ಅಂತ ಯಾರೂ ಇಲ್ಲ ವಾಸಣ್ಣ. ಎಪ್ಪತ್ತು ವರ್ಷಕ್ಕೆ ದುಡಿಯುವವ ಯಾರೂ ಇಲ್ಲ. ನೀವು ಊರಿಗೆ ಹೋಗಿ' ಎಂದೆ. ಗಟ್ಟಿಯಾಗಿಯೇ ಹೇಳಬೇಕಾಯಿತು, ಅವರಿಗೆ ಕೇಳಿಸಬೇಕಲ್ಲ. ಪಕ್ಕದ ಮಂಚದವರು ತಿರುಗಿ ನೋಡಿದರು. ವಾಸಣ್ಣ ಬೆಳ್ಳುಳ್ಳಿ ಸಿಪ್ಪೆಯನ್ನೆಲ್ಲ ಒಟ್ಟುಮಾಡಿ ಪೇಪರಿನಲ್ಲಿ ಕಟ್ಟಿದರು. ಆಮೇಲೆ, 'ಮುಂದಿನ ಬೇಸಿಗೆ ಒಂದು ಮುಗೀಲಿ. ಅಕ್ಟೋಬರಿಗೆ ಹೋಗ್ತೇನೆ. ಒಟ್ಟಿಗೇ ಹೋಗ್ತೇನೆ. ನೀನೇ ಬಂದು ಬಣ್ಣ ಹಾಕ್ಬೇಕು' ಎಂದರು. ಜಲಜಕ್ಕನಿಗೂ ಆ ಸಂಜೆಯೇ ಫೋನ್ ಮಾಡಿ ಹೇಳಿದರಂತೆ.

ಈ ಬೇಸಿಗೆ ಬಂತು. ಮುಹರ್ರಕ್‌ನ ಒಂದು ಹಳೆಯ ಮನೆಗೆ ಹೊಸದಾಗಿ ಏಸಿ ಹಾಕುತ್ತಿದ್ದರು. ವಾಸಣ್ಣ ಅಳತೆ ತೆಗೆಯಲು ತಾರಸಿಗೆ ಹೋಗಿದ್ದರು, ಬೆಳಗ್ಗೆಯೇ. ಇಳಿಯುವಾಗ ಮೆಟ್ಟಿಲಿನಲ್ಲಿ ಕೂತರಂತೆ. ಕೂತವರು ಏಳಲಿಲ್ಲ. ಆಸ್ಪತ್ರೆಯಲ್ಲಿ ಮಿದುಳಿನಲ್ಲಿ ರಕ್ತ ಸೋರಿದೆ ಎಂದರು. ಎರಡು ವಾರ ಕಣ್ಣು ಬಿಡದೆ ಮಲಗಿದ್ದರು. ಕೆನ್ನೆ ಒಳಗೆ ಹೋಯಿತು, ಗಡ್ಡ ಬೆಳ್ಳಗೆ ಬೆಳೆಯಿತು. ನಾನು ಸಂಜೆ ಹೋಗಿ ಕೂತು, ನಿಶಾ ಹಾಕಿಕೊಟ್ಟ ಹಾಡನ್ನು ಅವರ ಕಿವಿಗೆ ಹಿಡಿಯುತ್ತಿದ್ದೆ. ಬೆರಳೊಂದು ಅಲುಗಬಹುದು ಎಂದು ಕಾದೆ. ಪೆಟ್ಟು ತಡವಾದರೂ ತಪ್ಪುವುದಿಲ್ಲ ಎಂದು ಅವರೇ ಹೇಳಿದ್ದಲ್ಲವೇ. ಈ ಸಲ ತಪ್ಪಿತು. ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು.

ಕಾಗದಪತ್ರದ ಓಡಾಟವೆಲ್ಲ ಮುಗಿದು ಊರಿಗೆ ಕಳಿಸುವ ದಿನ ನಾನು ಶವಾಗಾರಕ್ಕೆ ಹೋದೆ. ಹೋಗುವ ದಾರಿಯಲ್ಲಿ ಕೋಲ್ಡ್ ಸ್ಟೋರ್, ಎಂದರೆ ಇಲ್ಲಿನ ಕಿರಾಣಿ ಅಂಗಡಿಯಲ್ಲಿ ನಿಂತು ಕೂದಲಿಗೆ ಹಾಕುವ ಬಣ್ಣದ ಪ್ಯಾಕೆಟ್ ತಗೊಂಡೆ. ಅವರು ಯಾವಾಗಲೂ ಹಾಕುತ್ತಿದ್ದ ಬಣ್ಣವೇ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನೀವು ನಗಬಹುದು. ನನಗೆ ಬೇರೇನೂ ತೋಚಲಿಲ್ಲ. ಆ ಮನುಷ್ಯ ಬಣ್ಣ ಹಾಕದೆ ಒಂದು ಸಲವೂ ಊರಿಗೆ ಹೋದವರಲ್ಲ.

ಅಲ್ಲಿ ಕೆಲಸಕ್ಕಿದ್ದವನು ಮಲಯಾಳಿ. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಏನೆಂದು ಕೇಳಿದ. ಹೇಳಿದೆ. ಹಿಂದಲೆಗೆ ನಾನೇ ಹಚ್ಚುವುದು ಎಂಬುದನ್ನೂ ಹೇಳಿದೆ, ಯಾಕೆ ಹೇಳಿದೆನೋ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಪ್ಯಾಕೆಟಿನ ಮೇಲಿನ ನಗುವ ಗಂಡಸಿನ ಚಿತ್ರ ನೋಡಿದ.

'ನಹೀ ಭಾಯಿ' ಎಂದ ಮೆಲ್ಲನೆ. 'ಟೈಮ್ ನಹೀ ಹೈ. ಬಾಕ್ಸ್ ಬಂದ್ ಕರ್ನಾ ಹೈ.'

ಪೆಟ್ಟಿಗೆ ಮುಚ್ಚುವ ಮೊದಲು ಅವನೇ ಒಂದು ಬಾಚಣಿಗೆ ತಂದುಕೊಟ್ಟ. ನಾನು ವಾಸಣ್ಣನ ಬಿಳಿ ಕೂದಲನ್ನು ಬಲಕ್ಕೆ ಬೈತಲೆ ತೆಗೆದು ಬಾಚಿದೆ. ಕಿವಿಯ ಹಿಂದೆಯೂ ಬಾಚಿದೆ. ಆಮೇಲೆ ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ. ಪ್ಯಾಕೆಟ್ ಅಂಗಿಯ ಜೇಬಿನಲ್ಲೇ ಇತ್ತು.

ಊರಿನಲ್ಲಿ ಎಲ್ಲ ಮುಗಿದ ಮರುದಿನ ಜಲಜಕ್ಕನ ಫೋನ್ ಬಂತು. ದನಿಯಲ್ಲಿ ಅಳು ಇರಲಿಲ್ಲ. ಅಳುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು ಎನ್ನುವಂತೆ ಮಾತಾಡಿದರು.

'ದಾಮಣ್ಣ, ಬೇಜಾರು ಮಾಡ್ಬೇಡಿ, ಒಂದು ಕೇಳ್ತೇನೆ. ಪೆಟ್ಟಿಗೆ ತೆರೆದಾಗ ಸಣ್ಣವಳು ಹಿಂದೆ ಸರಿದಳು. ಇದು ಪಪ್ಪ ಅಲ್ಲ, ಯಾರೋ ಅಜ್ಜ ಅಂದಳು. ನಾನು ಬೈದೆ. ಆದ್ರೆ ನಂಗೂ... ಅವರ ಅಪ್ಪ ಕಡೆಗಾಲಕ್ಕೆ ಹೀಗೇ ಇದ್ದದ್ದು. ಇವರು ಹೀಗೆ ಇರ್ಲಿಲ್ಲ. ಅಲ್ಲಿ ಹೆಸರು ಗಿಸರು ಅದಲು ಬದಲು ಆಗಿಲ್ಲ ಅಲ್ವಾ? ನೀವು ಸರಿ ನೋಡಿದ್ದೀರಿ ಅಲ್ವಾ? ಅವರೇ ಹೌದಾ?'

'ಅವರೇ ಜಲಜಕ್ಕ' ಎಂದೆ. 'ಬಿಸಿಲಿಗೆ ಹಾಗೆ ಆಗುದು.'